ವುಡ್‌ವರ್ಡ್, ರಾಬರ್ಟ್ ಬರ್ನ್ಸ್

1917-79. ಅಮೆರಿಕದ ಸಾವಯವ ರಸಾಯನವಿಜ್ಞಾನಿ. ಗಿಡಮರ, ಪ್ರಾಣಿ, ಸೂಕ್ಷ್ಮಜೀವಿಗಳಲ್ಲಷ್ಟೇ ಸಿಗುತ್ತಿದ್ದ ಜಟಿಲ ಅಣುಗಳನ್ನು ಸರಳ ರಾಸಾಯನಿಕಗಳಿಂದ ಹಂತಹಂತವಾಗಿ ಕಟ್ಟುವ ವಿದ್ಯೆಯಲ್ಲಿ ಇಪ್ಪತ್ತನೆಯ ಶತಮಾನದ ಅಗ್ರಗಣ್ಯ. ಕೊಲೆಸ್ಟೆರಾಲ್, ಸ್ಟ್ರಿಕ್ನಿನ್, ರಿಸರ್ಪಿನ್, ಕ್ಲೋರೊಫಿಲ್, ಸೆಫಲೊಸ್ಪೊರಿನ್, ಬಿ12 ಜೀವಸತ್ವ ಇವು ಈತನ ನೇತೃತ್ವದಲ್ಲಿ ಸಂಶ್ಲೇಷಣೆಗೊಂಡ ಮುಖ್ಯ ವಸ್ತುಗಳು. ಸಾವಯವ ಸಂಶ್ಲೇಷಣೆಯ ಕಲೆಯಲ್ಲಿ ಮಾಡಿದ ಸಾಧನೆಗಾಗಿ 1965ರಲ್ಲಿ ನೊಬೆಲ್ ಪಾರಿತೋಷಿಕ ಪಡೆದ. ರೋಆಲ್ಡ್ ಹಾಫ್‌ಮನ್ ಜೊತೆ ರೂಪಿಸಿದ ಕಕ್ಷಕ ಸಮಮಿತಿ ನಿಯಮಗಳು ಇಂದು ಎಲ್ಲೆಡೆ ರಸಾಯನವಿಜ್ಞಾನದ ಪಠ್ಯದ ಭಾಗ.

ಹಿನ್ನೆಲೆ

ಜೀವಿಗಳಿಂದ ದೊರೆಯುವ ವಸ್ತುವನ್ನು ಪ್ರಯೋಗಶಾಲೆಯಲ್ಲೂ ಮಾಡಬಹುದೆಂಬುದು 1828ರಲ್ಲಿ ಫ್ರೀಡ್ರಿಕ್ ವೋಲರ್ ಯೂರಿಯವನ್ನು ತಯಾರಿಸಿದಾಗಲೇ ಗೊತ್ತಾಗಿತ್ತು. 1890ರ ಹೊತ್ತಿಗೆ ಎಮಿಲ್ ಫಿಷರ್ ಗ್ಲೂಕೋಸನ್ನು ಸಂಶ್ಲೇಷಿಸಿದ್ದ. ಆದರೂ ಹಲವು ಉಂಗುರಗಳು ಒಂದಕ್ಕೊಂದು ಬೆಸೆದುಕೊಂಡ ಅಣುಗಳು ಕೈಗೆಟುಕದೆ ಉಳಿದಿದ್ದವು. ಇದಕ್ಕೆ ಎರಡು ಕಾರಣ. ಮೊದಲನೆಯದು ಇಳುವರಿ. ಪ್ರತಿ ಹಂತದಲ್ಲೂ ನೂರಕ್ಕೆ ಎಂಬತ್ತರಷ್ಟು ಇಳುವರಿ ಬಂದರೂ ಇಪ್ಪತ್ತು ಹಂತಗಳು ಮುಗಿಯುವಾಗ ಕೈಯಲ್ಲಿ ಉಳಿಯುವುದು ನೂರಕ್ಕೆ ಒಂದು ಭಾಗಕ್ಕಿಂತ ತುಸು ಹೆಚ್ಚು. ಎರಡನೆಯದು ಅಣುವಿನ ತ್ರಿವಿಮ ವಿನ್ಯಾಸ. ಇಂಗಾಲದ ಒಂದು ಪರಮಾಣುವಿಗೆ ನಾಲ್ಕು ಬೇರೆಬೇರೆ ಗುಂಪುಗಳು ಅಂಟಿಕೊಂಡಿದ್ದರೆ ಅವುಗಳ ಜೋಡಣೆ ಎರಡು ಬಗೆಯಲ್ಲಿ ಸಾಧ್ಯ. ಎಡಗೈ ಬಲಗೈಗಳಂತೆ ಒಂದು ಇನ್ನೊಂದರ ಕನ್ನಡಿಬಿಂಬ. ಇಂಥ ಅಸಮಮಿತ ಇಂಗಾಲಗಳು ಆರಿದ್ದರೆ 64 ರೂಪಗಳು, ಎಂಟಿದ್ದರೆ 256 ರೂಪಗಳು ಸಾಧ್ಯ. ಜೀವಿ ತಯಾರಿಸುವುದು ಅವುಗಳಲ್ಲಿ ಒಂದನ್ನು ಮಾತ್ರ. ಆ ಒಂದನ್ನೇ ಪಡೆಯುವಂತೆ ಪ್ರತಿ ಬಂಧವನ್ನೂ ಸರಿಯಾದ ದಿಕ್ಕಿನಲ್ಲಿ ಕೂಡಿಸುವುದು ಹೇಗೆಂಬುದೇ ವುಡ್‌ವರ್ಡ್ ಎದುರಿಸಿದ ಮೂಲ ಪ್ರಶ್ನೆ. ಕ್ರಿಯೆಗಳನ್ನು ಒಂದಾದ ಮೇಲೊಂದು ಮಾಡಿನೋಡಿ ಉತ್ತರ ಹುಡುಕುವುದಕ್ಕಿಂತ, ಅಣುವಿನ ರಚನೆಯನ್ನೇ ಚೆನ್ನಾಗಿ ಓದಿಕೊಂಡು ಇಡೀ ದಾರಿಯನ್ನು ಮೊದಲೇ ತರ್ಕದಿಂದ ಯೋಜಿಸುವುದು ಈತನ ಕ್ರಮ.

ಬಾಲ್ಯ ಮತ್ತು ವಿದ್ಯಾಭ್ಯಾಸ

ವುಡ್‌ವರ್ಡ್ ಹುಟ್ಟಿದ್ದು 1917ರ ಏಪ್ರಿಲ್ 10ರಂದು, ಮ್ಯಾಸಚೂಸೆಟ್ಸ್ ರಾಜ್ಯದ ಬಾಸ್ಟನ್‌ನಲ್ಲಿ. ಮರುವರ್ಷ ಇನ್‌ಫ್ಲುಯೆಂಜಾ ಮಹಾಮಾರಿಗೆ ತಂದೆ ಬಲಿಯಾದ. ಬಾಸ್ಟನ್ ಪಕ್ಕದ ಕ್ವಿನ್ಸಿಯಲ್ಲಿ ತಾಯಿಯ ಆರೈಕೆಯಲ್ಲಿ ಬೆಳೆದ ಹುಡುಗನಿಗೆ ಚಿಕ್ಕಂದಿನಿಂದಲೇ ರಸಾಯನದ ಗೀಳು. ಹೈಸ್ಕೂಲಿಗೆ ಬರುವಷ್ಟರಲ್ಲಿ, ಕಾಲೇಜು ವಿದ್ಯಾರ್ಥಿಗಳಿಗಾಗಿ ಲುಡ್ವಿಗ್ ಗಾಟರ್ಮನ್ ಬರೆದ ಪ್ರಾಯೋಗಿಕ ಸಾವಯವ ರಸಾಯನದ ಕೈಪಿಡಿಯ ಬಹುಪಾಲು ಪ್ರಯೋಗಗಳನ್ನು ಮನೆಯಲ್ಲೇ ಮಾಡಿ ಮುಗಿಸಿದ್ದ. ಬಾಸ್ಟನ್ನಿನ ಜರ್ಮನ್ ಕಾನ್ಸುಲೇಟನ್ನು ಸಂಪರ್ಕಿಸಿ ಜರ್ಮನ್ ಸಂಶೋಧನ ಪತ್ರಿಕೆಗಳ ಸಂಚಿಕೆಗಳನ್ನು ತರಿಸಿಕೊಂಡ. ಅವುಗಳಲ್ಲಿ ಒಟ್ಟೊ ಡೀಲ್ಸ್ ಮತ್ತು ಕುರ್ಟ್ ಆಲ್ಡರ್ 1928ರಲ್ಲಿ ಪ್ರಕಟಿಸಿದ, ಆರು ಇಂಗಾಲಗಳ ಉಂಗುರವನ್ನು ಒಂದೇ ಏಟಿಗೆ ಕಟ್ಟುವ ಕ್ರಿಯೆಯ ವಿವರವಿತ್ತು. ಮುಂದೆ ಈತನ ಹಲವು ಸಂಶ್ಲೇಷಣೆಗಳು ಆರಂಭವಾಗುವುದು ಇದೇ ಕ್ರಿಯೆಯಿಂದ.

1933ರಲ್ಲಿ, 16ನೆಯ ವಯಸ್ಸಿನಲ್ಲಿ, ಮ್ಯಾಸಚೂಸೆಟ್ಸ್ ತಂತ್ರವಿದ್ಯಾ ಸಂಸ್ಥೆ ಸೇರಿದ. ತರಗತಿಗಳ ಕಡೆ ಗಮನ ಕೊಡದ್ದರಿಂದ ಮರುವರ್ಷ ಸಂಸ್ಥೆ ಈತನನ್ನು ಹೊರಹಾಕಿತು. 1935ರಲ್ಲಿ ಮತ್ತೆ ಸೇರಿಸಿಕೊಂಡಿತು. 1936ರಲ್ಲಿ ಪದವಿ, 1937ರಲ್ಲಿ ಡಾಕ್ಟರೇಟ್. ಆಗ ವಯಸ್ಸು 20. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಒಂದು ಬೇಸಗೆ ಕಳೆದು ಹಾರ್ವರ್ಡಿಗೆ ಬಂದವನು ಕೊನೆಯವರೆಗೂ ಅಲ್ಲಿಯೇ ಉಳಿದ. 1950ರಲ್ಲಿ ಪ್ರಾಧ್ಯಾಪಕನಾದ. 1963ರಲ್ಲಿ ಔಷಧ ಕಂಪನಿ ಸೀಬಾ ಈತನ ಹೆಸರಿನಲ್ಲೇ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಸಂಶೋಧನ ಸಂಸ್ಥೆಯನ್ನು ಸ್ಥಾಪಿಸಿದ ಮೇಲೆ ಎರಡೂ ಕಡೆ ಸಂಶೋಧನೆ ನಡೆಸಿದ.

ಅಣುರಚನೆಯ ಶೋಧ

ಒಂದು ವಸ್ತುವನ್ನು ಕಟ್ಟಬೇಕಾದರೆ ಅದರ ರಚನೆ ಮೊದಲು ತಿಳಿದಿರಬೇಕು. 1940ರ ದಶಕದವರೆಗೆ ರಚನೆ ತಿಳಿಯುವ ಮಾರ್ಗವೆಂದರೆ ವಸ್ತುವನ್ನು ಆಮ್ಲ, ಕ್ಷಾರ, ಉತ್ಕರ್ಷಕಗಳಿಂದ ಒಡೆದು, ಚೂರುಗಳನ್ನು ಗುರುತಿಸಿ, ಮೂಲವನ್ನು ಊಹಿಸುವುದು. ಒಂದೊಂದು ಆಲ್ಕಲಾಯ್ಡಿಗೆ ದಶಕಗಳೇ ಹಿಡಿಯುತ್ತಿದ್ದವು. ವುಡ್‌ವರ್ಡ್ ನೇರಳಾತೀತ ರೋಹಿತದತ್ತ ತಿರುಗಿದ. ಕಾರ್ಬೊನಿಲ್ ಗುಂಪಿನ ಪಕ್ಕದಲ್ಲಿ ದ್ವಿಬಂಧವಿರುವ ಸಂಯುಕ್ತ ಯಾವ ತರಂಗಾಂತರದ ಬೆಳಕನ್ನು ಹೀರುತ್ತದೆಂಬುದು ಆ ದ್ವಿಬಂಧಕ್ಕೆ ಎಷ್ಟು ಗುಂಪುಗಳು ಅಂಟಿಕೊಂಡಿವೆ ಎಂಬುದನ್ನು ಅವಲಂಬಿಸುತ್ತದೆಂದು 1941-42ರ ಲೇಖನಗಳಲ್ಲಿ ತೋರಿಸಿಕೊಟ್ಟ. ವುಡ್‌ವರ್ಡ್ ನಿಯಮಗಳೆಂದು ಪದವಿ ವಿದ್ಯಾರ್ಥಿಗಳು ಈಗಲೂ ಲೆಕ್ಕ ಹಾಕುವುದು ಇವುಗಳಿಂದಲೇ. ಕೆಲವು ಮಿಲಿಗ್ರಾಂ ವಸ್ತು ಮತ್ತು ಒಂದು ಉಪಕರಣ ಇದ್ದರೆ ತಿಂಗಳುಗಳ ಕೆಲಸ ಉಳಿಯುತ್ತದೆಂಬ ಅರಿವು ಇದರಿಂದ ಹಬ್ಬಿತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆನಿಸಿಲಿನ್ನಿನ ರಚನೆಯ ಬಗ್ಗೆ ಭಿನ್ನಾಭಿಪ್ರಾಯವಿತ್ತು. ಬ್ರಿಟನ್ನಿನ ಹಿರಿಯ ರಸಾಯನವಿಜ್ಞಾನಿ ರಾಬರ್ಟ್ ರಾಬಿನ್ಸನ್ ಒಂದು ರಚನೆಯನ್ನು ಪ್ರತಿಪಾದಿಸಿದರೆ, ನಾಲ್ಕು ಪರಮಾಣುಗಳ ಬೀಟಾ-ಲ್ಯಾಕ್ಟಮ್ ಉಂಗುರವಿದೆ ಎನ್ನುವವರ ಪರ ವುಡ್‌ವರ್ಡ್ ವಾದಿಸಿದ. 1945ರಲ್ಲಿ ಡೊರೊಥಿ ಹಾಜ್‌ಕಿನ್ ಕ್ಷ-ಕಿರಣ ಸ್ಫಟಿಕ ವಿಶ್ಲೇಷಣೆಯಿಂದ ಬೀಟಾ-ಲ್ಯಾಕ್ಟಮ್ ರಚನೆಯೇ ಸರಿಯೆಂದು ಸ್ಥಾಪಿಸಿದಳು. ಸ್ಟ್ರಿಕ್ನಿನ್ (1947-48), ಟೆರಾಮೈಸಿನ್ ಪ್ರತಿಜೈವಿಕ (1952), ಪಫರ್ ಮೀನಿನ ವಿಷವಾದ ಟೆಟ್ರೊಡೊಟಾಕ್ಸಿನ್ (1964) ಇವುಗಳ ರಚನೆ ಬಿಡಿಸುವಲ್ಲಿಯೂ ಈತನ ಪಾತ್ರವಿದೆ.

1952ರಲ್ಲಿ ಜೆಫ್ರಿ ವಿಲ್ಕಿನ್‌ಸನ್ ಮತ್ತಿತರರೊಡನೆ ಸೇರಿ, ಕಬ್ಬಿಣದ ಪರಮಾಣುವೊಂದು ಐದು ಇಂಗಾಲಗಳ ಎರಡು ಉಂಗುರಗಳ ನಡುವೆ ಕುಳಿತಿರುವ ಫೆರೊಸೀನ್ ರಚನೆಯನ್ನು ಸೂಚಿಸಿದ. ಈ ಬಗೆಯ ಸಂಯುಕ್ತಗಳ ಮೇಲಿನ ಕೆಲಸಕ್ಕಾಗಿ 1973ರ ನೊಬೆಲ್ ಪಾರಿತೋಷಿಕ ವಿಲ್ಕಿನ್‌ಸನ್ ಮತ್ತು ಜರ್ಮನಿಯ ಅರ್ನ್ಸ್ಟ್ ಒಟ್ಟೊ ಫಿಷರ್‌ಗೆ ಸಂದಾಗ ತನ್ನನ್ನು ಕಡೆಗಣಿಸಲಾಗಿದೆ ಎಂದು ವುಡ್‌ವರ್ಡ್ ನೊಬೆಲ್ ಸಮಿತಿಗೆ ಪತ್ರ ಬರೆದ. ಜೀವಿಗಳು ಅಣುಗಳನ್ನು ಹೇಗೆ ಕಟ್ಟುತ್ತವೆ ಎಂಬುದರ ಬಗೆಗೂ ಆಸಕ್ತನಾಗಿದ್ದ. ಸ್ಕ್ವಾಲೀನ್ ಎಂಬ ಉದ್ದನೆಯ ಅಣು ಯಾವ ರೀತಿ ಮಡಿಚಿಕೊಂಡು ಕೊಲೆಸ್ಟೆರಾಲ್ ಆಗುತ್ತದೆಂಬುದನ್ನು 1953ರಲ್ಲಿ ಕೊನ್ರಾಡ್ ಬ್ಲಾಕ್ ಜೊತೆಗೂಡಿ ವಿವರಿಸಿದ.

ಕ್ವಿನೀನ್

ಮಲೇರಿಯದ ಮದ್ದಾದ ಕ್ವಿನೀನನ್ನು ತಯಾರಿಸಲು 1856ರಲ್ಲಿ ಇಂಗ್ಲೆಂಡಿನ ವಿಲಿಯಂ ಪರ್ಕಿನ್ ಪ್ರಯತ್ನಿಸಿದ್ದ. ರಚನೆ ತಿಳಿಯದೆ, ಪರಮಾಣುಗಳ ಎಣಿಕೆಯೊಂದನ್ನೇ ನಂಬಿ ಹೊರಟ ಆತನಿಗೆ ಸಿಕ್ಕಿದ್ದು ಮಾವ್ ಎಂಬ ನೇರಳೆ ಬಣ್ಣ; ಕೃತಕ ಬಣ್ಣಗಳ ಉದ್ಯಮ ಹುಟ್ಟಿದ್ದು ಆ ಸೋಲಿನಿಂದ. 1942ರಲ್ಲಿ ಜಾವಾದ ಸಿಂಕೋನ ತೋಟಗಳು ಜಪಾನಿನ ವಶವಾದಾಗ ಮಿತ್ರರಾಷ್ಟ್ರಗಳಿಗೆ ಕ್ವಿನೀನ್ ಸರಬರಾಜು ಕಡಿದುಹೋಯಿತು. ಪೊಲರಾಯ್ಡ್ ಕಂಪನಿಯ ನೆರವಿನಿಂದ ವುಡ್‌ವರ್ಡ್ ಮತ್ತು ವಿಲಿಯಂ ಡೋರಿಂಗ್ ಕೆಲಸ ಆರಂಭಿಸಿದರು. 7-ಹೈಡ್ರಾಕ್ಸಿ-ಐಸೊಕ್ವಿನೊಲೀನ್ ಎಂಬ ಸರಳ ಸಂಯುಕ್ತದಿಂದ ಹೊರಟು 1944ರ ಏಪ್ರಿಲ್‌ನಲ್ಲಿ ಕ್ವಿನೊಟಾಕ್ಸೀನ್ ತಲುಪಿದರು. ಅಲ್ಲಿಂದ ಕ್ವಿನೀನ್‌ಗೆ ಹೋಗುವ ದಾರಿಯನ್ನು ಜರ್ಮನಿಯ ಪಾಲ್ ರಾಬೆ ಮತ್ತು ಕಾರ್ಲ್ ಕಿಂಡ್ಲರ್ 1918ರಲ್ಲೇ ಪ್ರಕಟಿಸಿದ್ದರು. ಈ ಕೊನೆಯ ಹಂತಗಳನ್ನು ತಾವೇ ಮಾಡದೆ, ರಾಬೆಯ ವರದಿಯನ್ನು ನಂಬಿ ಸಂಶ್ಲೇಷಣೆ ಪೂರ್ಣವಾಯಿತೆಂದು ಘೋಷಿಸಿದರು.

ಪತ್ರಿಕೆಗಳು ಇದನ್ನು ದೊಡ್ಡ ಸುದ್ದಿ ಮಾಡಿದವು. ಆದರೆ ಯುದ್ಧಕ್ಕೆ ಬೇಕಾದ ಔಷಧ ಈ ದಾರಿಯಿಂದ ಬರಲಿಲ್ಲ. ಅಷ್ಟು ದುಬಾರಿ ದಾರಿ ಅದು. 2001ರಲ್ಲಿ ಕ್ವಿನೀನಿನ ತ್ರಿವಿಮ ವಿನ್ಯಾಸವನ್ನು ಪೂರ್ತಿ ನಿಯಂತ್ರಿಸಿ ಸಂಶ್ಲೇಷಿಸಿದ ಗಿಲ್ಬರ್ಟ್ ಸ್ಟಾರ್ಕ್, ರಾಬೆಯ ಹಂತಗಳಿಗೆ ಸಾಕಷ್ಟು ಪುರಾವೆಯಿಲ್ಲವೆಂದು ಆಕ್ಷೇಪಿಸಿದ. 2008ರಲ್ಲಿ ಕೊಲರಾಡೊ ಸ್ಟೇಟ್ ವಿಶ್ವವಿದ್ಯಾಲಯದ ಆರನ್ ಸ್ಮಿತ್ ಮತ್ತು ರಾಬರ್ಟ್ ವಿಲಿಯಮ್ಸ್ ರಾಬೆಯ ಕಾಲದ ವಿಧಾನಗಳನ್ನೇ ಬಳಸಿ ಆ ಹಂತಗಳನ್ನು ಮತ್ತೆ ಮಾಡಿ ತೋರಿಸಿದ ಮೇಲೆ ವಿವಾದ ಬಹುಮಟ್ಟಿಗೆ ತಣ್ಣಗಾಯಿತು.

ಸ್ಟೀರಾಯ್ಡ್‌ಗಳು ಮತ್ತು ಸ್ಟ್ರಿಕ್ನಿನ್

1951ರಲ್ಲಿ ವುಡ್‌ವರ್ಡ್ ತಂಡ ನಾಲ್ಕು ಉಂಗುರಗಳ ಸ್ಟೀರಾಯ್ಡ್ ಚೌಕಟ್ಟನ್ನು ಕಟ್ಟಿತು. ಅಲ್ಲಿಂದ ಕೊಲೆಸ್ಟೆರಾಲ್ ಮತ್ತು ಕಾರ್ಟಿಸೋನ್‌ಗಳಿಗೆ ದಾರಿಯಾಯಿತು. ಮೊದಲ ಹೆಜ್ಜೆ ಕ್ವಿನೋನ್ ಒಂದನ್ನು ಬ್ಯೂಟಡಯೀನ್ ಜೊತೆ ಕೂಡಿಸುವ ಡೀಲ್ಸ್-ಆಲ್ಡರ್ ಕ್ರಿಯೆ. ಅದೇ ವರ್ಷ ಇಂಗ್ಲೆಂಡಿನಲ್ಲಿ ರಾಬಿನ್ಸನ್ನನ ತಂಡವೂ ಬೇರೊಂದು ಮಾರ್ಗದಿಂದ ಸ್ಟೀರಾಯ್ಡ್ ಸಂಶ್ಲೇಷಣೆ ಸಾಧಿಸಿತು.

ಸ್ಟ್ರಿಕ್ನಿನ್ ಕರಾವಳಿ ಮತ್ತು ಮಲೆನಾಡಿನವರಿಗೆ ಪರಿಚಿತವಾದ ಕಾಸರಕನ ಬೀಜದ ವಿಷ. 1818ರಲ್ಲಿ ಫ್ರಾನ್ಸಿನ ಪೆಲೆಟಿಯೆ ಮತ್ತು ಕಾವಂಟೂ ಇದನ್ನು ಬೇರ್ಪಡಿಸಿದರು. ರಚನೆ ಬಿಡಿಸಲು ನೂರಿಪ್ಪತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. 24 ಪರಮಾಣುಗಳಿಂದ ಏಳು ಉಂಗುರಗಳು ಹೆಣೆದುಕೊಂಡ, ಆರು ಅಸಮಮಿತ ಇಂಗಾಲಗಳುಳ್ಳ ಈ ಅಣುವನ್ನು ರಚನೆ ತಿಳಿದ ಕೆಲವೇ ವರ್ಷಗಳಲ್ಲಿ, 1954ರಲ್ಲಿ, ವುಡ್‌ವರ್ಡ್ ಸಂಶ್ಲೇಷಿಸಿದ. ಆರಂಭದಲ್ಲಿ ಫಿನೈಲ್‌ಹೈಡ್ರಜೀನ್ ಬಳಸಿ ವೆರಾಟ್ರೈಲ್ ಎಂಬ ಗುಂಪುಳ್ಳ ಇಂಡೋಲ್ ಉಂಗುರವನ್ನು ಕಟ್ಟಲಾಯಿತು. ಮೊದಲ ಹಂತಗಳಲ್ಲಿ ಆ ಗುಂಪಿನ ಕೆಲಸ ಒಂದು ಜಾಗವನ್ನು ಮುಚ್ಚಿಟ್ಟು ಬೇಡದ ಕ್ರಿಯೆಯನ್ನು ತಡೆಯುವುದು. ಅನಂತರ ಓಜೋನ್ ಹಾಯಿಸಿ ಅದರ ಉಂಗುರವನ್ನು ಸೀಳಿದಾಗ, ಮುಂದಿನ ಉಂಗುರಗಳಿಗೆ ಬೇಕಾದ ಇಂಗಾಲಗಳು ಅಲ್ಲೇ ದೊರೆತವು. ಒಂದೇ ಗುಂಪಿನಿಂದ ಎರಡು ಕೆಲಸ ತೆಗೆಯುವ ಈ ಜಾಣ್ಮೆ ವುಡ್‌ವರ್ಡ್ ಯೋಜನೆಗಳ ಗುರುತು.

ಉದ್ದನೆಯ ದಾರಿಯಲ್ಲಿ ವಸ್ತು ತೀರಾ ಕಡಿಮೆಯಾದಾಗ, ನೈಸರ್ಗಿಕ ಸ್ಟ್ರಿಕ್ನಿನ್ನನ್ನೇ ಒಡೆದು ಅದೇ ಮಧ್ಯಂತರ ವಸ್ತುವನ್ನು ಪಡೆದು, ಎರಡೂ ಒಂದೇ ಎಂದು ದೃಢಪಡಿಸಿಕೊಂಡು, ಮುಂದಿನ ಹಂತಗಳನ್ನು ಅದರಿಂದ ನಡೆಸಲಾಯಿತು. ರಿಲೇ ಎಂದು ಕರೆಯುವ ಈ ಕ್ರಮವನ್ನು ಆ ಕಾಲದ ಸಂಶ್ಲೇಷಕರೆಲ್ಲ ಒಪ್ಪಿದ್ದರು. ಇದು ಇಳುವರಿಯ ಸಮಸ್ಯೆಗೆ ಕಂಡುಕೊಂಡ ಉಪಾಯ.

ರಿಸರ್ಪಿನ್

ಸರ್ಪಗಂಧಿಯ ಬೇರು ಆಯುರ್ವೇದದಲ್ಲಿ ಹಳೆಯ ಮದ್ದು. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ರಕ್ತದೊತ್ತಡ ಮತ್ತು ಮಾನಸಿಕ ಕಾಯಿಲೆಗಳ ಮೇಲೆ ಇದರ ಪರಿಣಾಮವನ್ನು ವರದಿ ಮಾಡಿದರು. ಅದೇ ಸುಮಾರಿಗೆ ಸಲೀಮುಜ್ಜಮಾನ್ ಸಿದ್ದಿಕಿ ಬೇರಿನಿಂದ ಹಲವು ಆಲ್ಕಲಾಯ್ಡ್‌ಗಳನ್ನು ಬೇರ್ಪಡಿಸಿದರು. ಮುಂಬಯಿಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ ರಕ್ತದೊತ್ತಡದ ರೋಗಿಗಳ ಮೇಲಿನ ಅನುಭವವನ್ನು 1949ರಲ್ಲಿ ಬ್ರಿಟಿಷ್ ಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆ ಪಶ್ಚಿಮದ ಗಮನ ಇತ್ತ ಹರಿಯಿತು. 1952ರಲ್ಲಿ ಸೀಬಾದ ವಿಜ್ಞಾನಿಗಳು ಬೇರಿನ ಮುಖ್ಯ ಸಾರವಾದ ರಿಸರ್ಪಿನನ್ನು ಬೇರ್ಪಡಿಸಿದರು. ವುಡ್‌ವರ್ಡ್ 1956ರಲ್ಲಿ ಅದನ್ನು ಸಂಶ್ಲೇಷಿಸಿದ.

ರಿಸರ್ಪಿನ್ನಿನ ಆರು ಅಸಮಮಿತ ಇಂಗಾಲಗಳಲ್ಲಿ ಐದು ಒಂದೇ ಉಂಗುರದಲ್ಲಿವೆ. ಬೆಂಜೊಕ್ವಿನೋನ್ ಬಳಸಿದ ಡೀಲ್ಸ್-ಆಲ್ಡರ್ ಕ್ರಿಯೆಯಿಂದಲೇ ಅವುಗಳಲ್ಲಿ ಮೂರರ ದಿಕ್ಕು ನಿಶ್ಚಿತವಾಯಿತು. ಉಳಿದೆರಡು ಆ ಚೌಕಟ್ಟಿನ ಬಾಗಿದ ಆಕಾರವನ್ನೇ ಅನುಸರಿಸಿ ಬಂದವು. ತೊಡಕಾದದ್ದು ಆರನೆಯದು. ಅದರ ದಿಕ್ಕು ತಿರುಗುಮುರುಗಾಗಿ ಸಿಕ್ಕಿದ್ದು ಐಸೊರಿಸರ್ಪಿನ್ ರೂಪ. ಅದೇ ಹೆಚ್ಚು ಸ್ಥಿರ ರೂಪವೂ ಹೌದು. ಸುಮ್ಮನೆ ಕಾಯಿಸಿದರೆ ಸ್ಥಿರವಾದದ್ದು ಅಸ್ಥಿರವಾಗುವುದಿಲ್ಲ. ವುಡ್‌ವರ್ಡ್ ಅಣುವಿನ ಎರಡು ಗುಂಪುಗಳ ನಡುವೆ ಲ್ಯಾಕ್ಟೋನ್ ಸೇತುವೆಯೊಂದನ್ನು ಕಟ್ಟಿಸಿದ. ಸೇತುವೆಯ ಬಿಗಿತಕ್ಕೆ ಇಡೀ ಅಣು ಮಗ್ಗುಲು ಬದಲಿಸಿ ಇಕ್ಕಟ್ಟಿಗೆ ಸಿಲುಕಿತು. ಆ ಇಕ್ಕಟ್ಟಿನಲ್ಲಿ ಐಸೊ ರೂಪವೇ ಅಸ್ಥಿರ. ಪಿವಾಲಿಕ್ ಆಮ್ಲದೊಂದಿಗೆ ಕಾಯಿಸಿದಾಗ ಆರನೆಯ ಇಂಗಾಲ ತಾನಾಗಿ ಸರಿಯಾದ ದಿಕ್ಕಿಗೆ ಹೊರಳಿತು. ಆಮೇಲೆ ಸೇತುವೆಯನ್ನು ಬಿಚ್ಚಲಾಯಿತು. ಅಣುವಿನ ಆಕಾರದ ಬಗೆಗಿನ ತಿಳಿವಳಿಕೆಯನ್ನೇ ಸಲಕರಣೆಯಾಗಿಸಿಕೊಂಡ ಈ ಹಂತ ಸಂಶ್ಲೇಷಣೆಯ ಪಾಠಗಳಲ್ಲಿ ಮಾದರಿಯಾಗಿ ನಿಂತಿದೆ.

ಕ್ಲೋರೊಫಿಲ್, ಸೆಫಲೊಸ್ಪೊರಿನ್, ನೊಬೆಲ್

1960ರಲ್ಲಿ ಎಲೆಗಳ ಹಸುರಿನ ಕ್ಲೋರೊಫಿಲ್-ಎ ಸಂಶ್ಲೇಷಣೆ ಪ್ರಕಟವಾಯಿತು. ಇಲ್ಲಿಯೂ ಉಂಗುರದ ಅಂಚಿನಲ್ಲಿ ಗುಂಪುಗಳ ನೂಕುನುಗ್ಗಲನ್ನು ಬೇಕೆಂದೇ ಉಂಟುಮಾಡಿ, ಅದು ಸಡಿಲಗೊಳ್ಳುವಾಗ ಬೇಕಾದ ಬದಲಾವಣೆ ಆಗುವಂತೆ ಯೋಜಿಸಲಾಗಿತ್ತು. 1963ರಲ್ಲಿ ಕಾಲ್ಚಿಸಿನ್ ಸಂಶ್ಲೇಷಣೆ ಮುಗಿಯಿತು. 1965ರ ಡಿಸೆಂಬರಿನಲ್ಲಿ ನೊಬೆಲ್ ಉಪನ್ಯಾಸಕ್ಕೆ ನಿಂತಾಗ ವುಡ್‌ವರ್ಡ್ ಹಳೆಯ ಸಾಧನೆಗಳನ್ನು ನೆನೆಯುವುದಕ್ಕೆ ಬದಲಾಗಿ, ಆವರೆಗೆ ಪ್ರಕಟವಾಗದಿದ್ದ ಸೆಫಲೊಸ್ಪೊರಿನ್-ಸಿ ಸಂಶ್ಲೇಷಣೆಯನ್ನು ಮಂಡಿಸಿದ. ಸಿಸ್ಟೀನ್ ಎಂಬ ಅಮೈನೊ ಆಮ್ಲದಿಂದ ಹೊರಡುವ ಈ ಕೆಲಸದ ತಂಡದಲ್ಲಿ, ಮುಂದೆ ಕಾನ್ಪುರದ ಐಐಟಿಯಲ್ಲಿ ಪ್ರಾಧ್ಯಾಪಕರಾದ ಎಸ್. ರಂಗನಾಥನ್ ಇದ್ದರು.

ಬಿ12 ಜೀವಸತ್ವ

1950ರ ದಶಕದ ನಡುವೆ ಡೊರೊಥಿ ಹಾಜ್‌ಕಿನ್ ಬಿಡಿಸಿದ ಬಿ12 ರಚನೆಯ ಕೇಂದ್ರದಲ್ಲಿ ಕೋಬಾಲ್ಟ್ ಪರಮಾಣು, ಸುತ್ತ ಕೊರಿನ್ ಎಂಬ ದೊಡ್ಡ ಉಂಗುರ, ಅದರ ಮೇಲೆ ಒಂಬತ್ತು ಅಸಮಮಿತ ಇಂಗಾಲಗಳು. ಇದನ್ನು ಕಟ್ಟುವ ಕೆಲಸ ಹಾರ್ವರ್ಡಿನಲ್ಲೂ ಜ್ಯೂರಿಕ್ ತಂತ್ರವಿದ್ಯಾ ಸಂಸ್ಥೆಯಲ್ಲೂ ಬೇರೆಬೇರೆಯಾಗಿ ಆರಂಭವಾಗಿ ಅನಂತರ ಒಂದುಗೂಡಿತು. ಅಣುವಿನ ಎ-ಡಿ ಭಾಗವನ್ನು ವುಡ್‌ವರ್ಡ್ ತಂಡವೂ ಬಿ-ಸಿ ಭಾಗವನ್ನು ಜ್ಯೂರಿಕ್‌ನ ಆಲ್ಬರ್ಟ್ ಎಶನ್‌ಮೋಸರ್ ತಂಡವೂ ವಹಿಸಿಕೊಂಡವು. ಎರಡು ಭಾಗಗಳನ್ನು ಬೆಸೆಯಲು ಎಶನ್‌ಮೋಸರ್ ಗಂಧಕದ ಪರಮಾಣುವೊಂದನ್ನು ನಡುವೆ ಸೇರಿಸಿ ಆಮೇಲೆ ಕಿತ್ತುಹಾಕುವ ವಿಧಾನ ರೂಪಿಸಿದ. ಇದಲ್ಲದೆ ಬೆಳಕಿನ ನೆರವಿನಿಂದ ಉಂಗುರ ಮುಚ್ಚುವ ಎರಡನೆಯ ದಾರಿಯನ್ನೂ ಆತ ಕಂಡುಹಿಡಿದ. ದಶಕಕ್ಕೂ ಮೀರಿ ನಡೆದ ಈ ಕೆಲಸದಲ್ಲಿ ಹಲವು ದೇಶಗಳ ಸುಮಾರು ನೂರು ಮಂದಿ ಪಾಲುಗೊಂಡರು. ಕಡೆಯ ಹಂತಗಳಲ್ಲಿ ಬಹುಮಟ್ಟಿಗೆ ಒಂದೇ ತೆರನಾದ ರೂಪಗಳನ್ನು ಬಿಡಿಸಲು ಜೇಮ್ಸ್ ವಾಟರ್ಸ್ ತನ್ನ ಕಂಪನಿಯ ಅಧಿಕ ಒತ್ತಡದ ದ್ರವ ಕ್ರೊಮಟೋಗ್ರಫಿ ಯಂತ್ರವನ್ನು ಹಾರ್ವರ್ಡಿಗೆ ತಂದ. ಆಗ ಹೊಸದಾಗಿದ್ದ ಆ ಉಪಕರಣದ ಪ್ರಚಾರಕ್ಕೂ ಇದು ನೆರವಾಯಿತು. 1972ರ ಫೆಬ್ರವರಿಯಲ್ಲಿ ನವದೆಹಲಿಯಲ್ಲಿ ನಡೆದ ನಿಸರ್ಗಜನ್ಯ ವಸ್ತುಗಳ ರಸಾಯನದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ವುಡ್‌ವರ್ಡ್ ಈ ಸಂಶ್ಲೇಷಣೆಯನ್ನು ವಿವರಿಸಿದ. ತಂಡ ತಲುಪಿದ್ದು ಕೋಬಿರಿಕ್ ಆಮ್ಲವನ್ನು. ಅದರಿಂದ ಬಿ12 ಪಡೆಯುವ ವಿಧಾನ ಮೊದಲೇ ತಿಳಿದಿತ್ತು.

ಕಕ್ಷಕ ಸಮಮಿತಿ

ಬಿ12 ಕೆಲಸದ ನಡುವೆ, ಉಂಗುರ ಮುಚ್ಚುವ ಒಂದು ಕ್ರಿಯೆ ನಿರೀಕ್ಷೆಗೆ ವಿರುದ್ಧವಾದ ದಿಕ್ಕಿನ ವಸ್ತುವನ್ನು ಕೊಟ್ಟಿತು. ಶಾಖ ಕೊಟ್ಟಾಗ ಒಂದು ರೂಪ, ಬೆಳಕು ಬೀರಿದಾಗ ಅದರ ವಿರುದ್ಧ ರೂಪ. ಇದರ ಕಾರಣವನ್ನು ವುಡ್‌ವರ್ಡ್ ಯುವ ಸಿದ್ಧಾಂತಿ ರೋಆಲ್ಡ್ ಹಾಫ್‌ಮನ್ ಜೊತೆ ಹುಡುಕಿದ. ಉಂಗುರವಾಗುವಾಗ ಸರಪಳಿಯ ಎರಡು ತುದಿಗಳು ಒಂದೇ ದಿಕ್ಕಿಗೆ ಹೊರಳಬಹುದು, ಇಲ್ಲವೇ ಎದುರುಬದುರು ದಿಕ್ಕಿಗೆ. ಯಾವುದು ನಡೆಯುತ್ತದೆಂಬುದನ್ನು ನಿರ್ಧರಿಸುವುದು ಎಲೆಕ್ಟ್ರಾನುಗಳಿರುವ ಕಕ್ಷಕದ ಸಮಮಿತಿ. ಎರಡು ದ್ವಿಬಂಧಗಳಿದ್ದು ಶಾಖ ಕೊಟ್ಟರೆ ತುದಿಗಳು ಒಂದೇ ದಿಕ್ಕಿಗೆ, ಬೆಳಕು ಬಿದ್ದರೆ ಎದುರುಬದುರು ದಿಕ್ಕಿಗೆ ತಿರುಗುತ್ತವೆ. ಮೂರು ದ್ವಿಬಂಧಗಳಿದ್ದರೆ ಇದು ಅದಲುಬದಲು. 1965ರಲ್ಲಿ ಅಮೆರಿಕನ್ ಕೆಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಐದು ಕಿರುಲೇಖನಗಳಾಗಿ ಬಂದ ಈ ನಿಯಮಗಳು, ಡೀಲ್ಸ್-ಆಲ್ಡರ್ ಕ್ರಿಯೆ ಅಷ್ಟು ಸಲೀಸಾಗಿ ನಡೆಯುವುದೇಕೆಂಬುದನ್ನೂ ವಿವರಿಸಿದವು.

ಇದೇ ದಿಕ್ಕಿನಲ್ಲಿ ಹಾಲೆಂಡಿನ ಊಸ್ಟರ್‌ಹಾಫ್ 1961ರಲ್ಲೇ ಸುಳಿವು ಕೊಟ್ಟಿದ್ದ. ಜಪಾನಿನ ಕೆನಿಚಿ ಫುಕುಯಿ ಬೇರೊಂದು ಮಾರ್ಗದಿಂದ ಇಂಥದೇ ತೀರ್ಮಾನಗಳಿಗೆ ಬಂದಿದ್ದ. 1981ರ ನೊಬೆಲ್ ಹಾಫ್‌ಮನ್ ಮತ್ತು ಫುಕುಯಿಗೆ ಸಂದಿತು. ವುಡ್‌ವರ್ಡ್ ಆಗ ಬದುಕಿರಲಿಲ್ಲ. 2004ರಲ್ಲಿ ಹಾರ್ವರ್ಡಿನ ಸಹೋದ್ಯೋಗಿ ಇ. ಜೆ. ಕೋರಿ, ಮೂಲ ಸೂಚನೆಯನ್ನು 1964ರ ಮೇ ತಿಂಗಳಲ್ಲಿ ವುಡ್‌ವರ್ಡ್‌ಗೆ ಕೊಟ್ಟಿದ್ದು ತಾನೆಂದು ಬಹಿರಂಗವಾಗಿ ಹೇಳಿದ. ಹಾಫ್‌ಮನ್ ಅದನ್ನು ಒಪ್ಪಲಿಲ್ಲ.

ಕೆಲಸದ ರೀತಿ

ವುಡ್‌ವರ್ಡ್ ಯೋಜನೆ ಮಾಡುವವನು. ಪ್ರಯೋಗ ಮೇಜಿನ ದುಡಿಮೆಯ ಬಹುಪಾಲು ವಿದ್ಯಾರ್ಥಿಗಳದು ಮತ್ತು ಡಾಕ್ಟರೇಟ್ ನಂತರದ ಸಂಶೋಧಕರದು. ಗುರುವಾರ ಸಂಜೆಯ ವಿಚಾರಗೋಷ್ಠಿಗಳು ರಾತ್ರಿ ತುಂಬ ಹೊತ್ತಿನವರೆಗೆ ನಡೆಯುತ್ತಿದ್ದವು. ಬಣ್ಣಬಣ್ಣದ ಸೀಮೆಸುಣ್ಣದಲ್ಲಿ ಅಣುಗಳನ್ನು ಅಚ್ಚುಕಟ್ಟಾಗಿ ಬರೆಯುತ್ತ ಗಂಟೆಗಟ್ಟಲೆ ಮಾಡುತ್ತಿದ್ದ ಉಪನ್ಯಾಸಗಳಿಗೆ ಈತ ಹೆಸರಾಗಿದ್ದ. ನೀಲಿ ಸೂಟು, ನೀಲಿ ಟೈ ಬಿಟ್ಟು ಬೇರೆ ತೊಡುತ್ತಿದ್ದುದು ಅಪರೂಪ. ವಿದ್ಯಾರ್ಥಿಗಳು ಒಮ್ಮೆ ಈತ ಕಾರು ನಿಲ್ಲಿಸುವ ಜಾಗಕ್ಕೂ ನೀಲಿ ಬಣ್ಣ ಬಳಿದರು. ನಿದ್ದೆ ಕಡಿಮೆ, ಸಿಗರೇಟು ವಿಪರೀತ. ಪ್ರಕಟಿಸಿದ ಲೇಖನಗಳು ಸುಮಾರು 200 ಮಾತ್ರ. ಹಲವು ಸಂಶ್ಲೇಷಣೆಗಳ ಪೂರ್ಣ ವಿವರ ವರ್ಷಗಟ್ಟಲೆ ತಡವಾಗಿ ಬಂತು. ಸ್ಟ್ರಿಕ್ನಿನ್ನಿನ ಪೂರ್ಣ ವರದಿ ಅಚ್ಚಾದದ್ದು 1963ರಲ್ಲಿ.

1979ರ ಜುಲೈ 8ರಂದು ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ಹೃದಯಾಘಾತದಿಂದ ತೀರಿಕೊಂಡ. ಆಗ ನಡೆಯುತ್ತಿದ್ದ ಎರಿತ್ರೊಮೈಸಿನ್ ಸಂಶ್ಲೇಷಣೆಯನ್ನು ಯೊಶಿಟೊ ಕಿಶಿಯ ಮಾರ್ಗದರ್ಶನದಲ್ಲಿ ತಂಡ ಪೂರೈಸಿತು; 1981ರಲ್ಲಿ ಪ್ರಕಟವಾದ ಲೇಖನಗಳಿಗೆ 49 ಲೇಖಕರು. ನೊಬೆಲ್ ಅಲ್ಲದೆ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪದಕ (1964), ರಾಯಲ್ ಸೊಸೈಟಿಯ ಡೇವಿ (1959) ಮತ್ತು ಕಾಪ್ಲಿ (1978) ಪದಕಗಳು ಈತನಿಗೆ ಸಂದಿವೆ.

ಮೌಲ್ಯಮಾಪನ

ಸಂಶ್ಲೇಷಿಸಿದ ವಸ್ತುಗಳ ಉಪಯೋಗವೊಂದರಿಂದಲೇ ಅಳೆದರೆ ಈ ಸಾಧನೆಗಳ ಬೆಲೆ ತಿಳಿಯದು. ಬಿ12 ಜೀವಸತ್ವವನ್ನು ಇಂದಿಗೂ ಬ್ಯಾಕ್ಟೀರಿಯಗಳ ಹುದುಗುವಿಕೆಯಿಂದಲೇ ತಯಾರಿಸುತ್ತಾರೆ. ಕ್ವಿನೀನ್ ಸಿಂಕೋನ ತೊಗಟೆಯಿಂದ ಬರುತ್ತದೆ. ಯೋಜನೆಯನ್ನು ಯಾರಾದರೂ ಕಲಿಯಬಹುದಾದ ಕ್ರಮವಾಗಿಸುವ ಕೆಲಸವನ್ನೂ ವುಡ್‌ವರ್ಡ್ ಮಾಡಲಿಲ್ಲ. ಗುರಿಯ ಅಣುವಿನಿಂದ ಹಿಂದಕ್ಕೆ ಒಂದೊಂದೇ ಬಂಧ ಬಿಡಿಸುತ್ತ ಸರಳ ವಸ್ತುಗಳಿಗೆ ಇಳಿಯುವ ತರ್ಕವನ್ನು ಸ್ಪಷ್ಟ ನಿಯಮಗಳಾಗಿ ಬರೆದವನು ಕೋರಿ. ಅದಕ್ಕಾಗಿ ಆತನಿಗೆ 1990ರಲ್ಲಿ ನೊಬೆಲ್ ಬಂತು. ಅನಂತರದ ದಶಕಗಳಲ್ಲಿ ಒಂದೇ ಕೈಯ ರೂಪವನ್ನು ನೇರವಾಗಿ ಕೊಡುವ ವೇಗವರ್ಧಕಗಳು ಬಂದು, ವುಡ್‌ವರ್ಡ್‌ನ ಕಾಲದಲ್ಲಿ ಹತ್ತು ಹಂತ ಬೇಡುತ್ತಿದ್ದ ಕೆಲಸ ಒಂದೆರಡಕ್ಕೆ ಇಳಿದಿದೆ.

ಆದರೂ ಕಠಿಣ ಅಣುವೊಂದನ್ನು ಗುರಿಯಾಗಿಟ್ಟುಕೊಂಡು ಹೊರಟರೆ ದಾರಿಯಲ್ಲಿ ಎದುರಾಗುವ ತೊಡಕುಗಳೇ ಹೊಸ ರಸಾಯನವನ್ನು ಕಲಿಸುತ್ತವೆ ಎಂಬುದನ್ನು ಈತನ ಕೆಲಸ ಸ್ಥಾಪಿಸಿತು. ರಿಸರ್ಪಿನ್ನಿನ ಆರನೆಯ ಇಂಗಾಲ ಅಣುವಿನ ಆಕಾರವನ್ನು ಪಳಗಿಸುವ ಬಗೆಯನ್ನು ಕಲಿಸಿತು. ಬಿ12ರ ಅನಿರೀಕ್ಷಿತ ಉಂಗುರ ಕಕ್ಷಕ ಸಮಮಿತಿಯ ನಿಯಮಗಳಿಗೆ ಹುಟ್ಟು ಕೊಟ್ಟಿತು. ಸಂಶ್ಲೇಷಣೆ, ರಚನೆಯ ಶೋಧ, ಸಿದ್ಧಾಂತ ಮೂರೂ ಒಂದೇ ಕೆಲಸದ ಭಾಗಗಳೆಂದು ಇಂದಿನ ಸಾವಯವ ರಸಾಯನ ಪ್ರಯೋಗಶಾಲೆಗಳು ಭಾವಿಸುವುದರ ಹಿಂದೆ ವುಡ್‌ವರ್ಡ್‌ನ ಪ್ರಭಾವ ದೊಡ್ಡದು.